ಸಜ್ಜೆಯ ಕರಿ ಕಾಳಿಗೆ ಯೂರೋಪಿನ ಪಟ್ಟಿ ಸಾಲದು

ಸಜ್ಜೆ ಹೂವಿಗೆ ಬರುವ ಹೊತ್ತಿನಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ರೈತರಿಗೆ ಒಂದು ಭಯ ಶುರುವಾಗುತ್ತದೆ. ತೆನೆಯ ಮೇಲೆ ಅಲ್ಲಲ್ಲಿ ಜೇನಿನ ಹನಿಯಂಥ ಅಂಟು ಕಾಣಿಸಿಕೊಳ್ಳುತ್ತದೆ. ಮೊದಲು ತಿಳಿ ಗುಲಾಬಿ ಬಣ್ಣ, ಆಮೇಲೆ ಕಂದು. ನೊಣ, ಇರುವೆ ಮುತ್ತುತ್ತವೆ. ಕೆಲವು ವಾರ ಕಳೆದರೆ ಕಾಳು ಕೂರಬೇಕಾದ ಜಾಗದಲ್ಲಿ ಗಟ್ಟಿಯಾದ, ಚೂಪು ತುದಿಯ, ಕಪ್ಪಗಿನ ಇನ್ನೇನೋ ಕೂತಿರುತ್ತದೆ. ಸಜ್ಜೆ ಕಾಳಿಗಿಂತ ದೊಡ್ಡದು. ಅದು ಕಾಳೇ ಅಲ್ಲ. ಹೂವಿನೊಳಗೆ ಹೊಕ್ಕು, ಕಾಳಾಗಬೇಕಿದ್ದುದನ್ನು ತಿಂದು, ಅಲ್ಲೇ ಮನೆ ಕಟ್ಟಿಕೊಂಡ ಶಿಲೀಂಧ್ರ. ಅದಕ್ಕೆ ಎರ್ಗಾಟ್ ಅನ್ನುತ್ತಾರೆ. ಹುಂಜದ ಕಾಲಿನ ಮುಳ್ಳಿಗೆ ಫ್ರೆಂಚರು ಇಟ್ಟ ಹೆಸರು ಅದು. ಆಕಾರ ನೋಡಿದರೆ ಹೆಸರು ಸರಿಯಾಗಿದೆ ಅನ್ನಿಸುತ್ತದೆ.

ಕೊಪ್ಪಳ, ರಾಯಚೂರು, ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸಜ್ಜೆ ಹೊಸದಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಜ್ಜೆ ಹಿಟ್ಟು, ಸಜ್ಜೆ ಬಿಸ್ಕತ್ತು, ಮಕ್ಕಳ ಮಾಲ್ಟ್ ಸಾಲಾಗಿ ಇಟ್ಟಿರುತ್ತಾರೆ. ಭಾರತದ ಒತ್ತಾಯದಿಂದ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲಂತೂ ರಾಗಿ, ಜೋಳ, ಸಜ್ಜೆಯ ಮಾತು ಜಾಸ್ತಿಯಾಗಿದೆ. ಒಳ್ಳೆಯದೇ. ನಾನೂ ಸಜ್ಜೆ ತಿನ್ನುವವನು, ತಿನ್ನಿ ಅಂತ ಹೇಳುವವನು. ಅದಕ್ಕೇ ಒಂದು ಪ್ರಶ್ನೆ ಈಗ ಕೇಳಬೇಕು ಅನ್ನಿಸುತ್ತದೆ. ಸಜ್ಜೆಯ ಎರ್ಗಾಟ್‌ನಲ್ಲಿ ಇರುವ ವಿಷ ಯಾವುದು? ಎರ್ಗಾಟ್ ವಿಷ ಹುಡುಕುವ ಪರೀಕ್ಷೆಗಳು ಯಾರ ಧಾನ್ಯವನ್ನು ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದವು? ಇದಕ್ಕೆ ಉತ್ತರ ಶಿಲೀಂಧ್ರದ ಜೀನ್‌ಗಳಲ್ಲಿದೆ.

ಮೊದಲು ಎರಡು ಕಾಯಿಲೆಗಳ ಕಥೆ. ಮಧ್ಯಯುಗದ ಯೂರೋಪಿನಲ್ಲಿ ಬಡವರ ರೊಟ್ಟಿ ರೈ ಧಾನ್ಯದ್ದು. ರೈ ತೆನೆಗೆ ಎರ್ಗಾಟ್ ಹತ್ತಿದ ವರ್ಷ ಊರಿಗೆ ಊರೇ ಕಾಯಿಲೆ ಬೀಳುತ್ತಿತ್ತು. ಕೈಕಾಲು ಬೆಂಕಿ ಇಟ್ಟಂತೆ ಉರಿಯುವುದು, ಆಮೇಲೆ ಬೆರಳು ಕಪ್ಪಾಗುವುದು, ಕೊನೆಗೆ ಒಣಗಿ ಕಳಚಿ ಬೀಳುವುದು. ಜನ ಇದನ್ನು ಸಂತ ಆಂಥೋನಿಯ ಬೆಂಕಿ ಎಂದು ಕರೆದರು. ಇನ್ನೊಂದು ಕಥೆ ನಮ್ಮ ದೇಶದ್ದು. 1975ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಎರ್ಗಾಟ್ ಬೆರೆತ ಸಜ್ಜೆ ತಿಂದವರಿಗೆ ವಾಕರಿಕೆ ಬಂತು, ಮೇಲಿಂದ ಮೇಲೆ ವಾಂತಿಯಾಯಿತು, ತಲೆ ಸುತ್ತಿತು, ಎಳೆದು ಹಾಕುವಂಥ ನಿದ್ದೆ ಬಂತು. ಒಂದೆರಡು ದಿನದಲ್ಲಿ ಇಳಿಯಿತು. ಯಾರ ಬೆರಳೂ ಕಪ್ಪಾಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಇದನ್ನು 1976ರಲ್ಲಿ ವರದಿ ಮಾಡಿದರು.

ಎರಡೂ ಎರ್ಗಾಟೇ. ಎರಡೂ ಕ್ಲಾವಿಸೆಪ್ಸ್ ಎಂಬ ಒಂದೇ ಕುಲದ ಶಿಲೀಂಧ್ರಗಳು. ರೈ ಮೇಲೆ ಬರುವುದು ಕ್ಲಾವಿಸೆಪ್ಸ್ ಪರ್ಪ್ಯೂರಿಯ. ಸಜ್ಜೆ ಮೇಲೆ ಬರುವುದು ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. ಅಣ್ಣ ತಮ್ಮ ಇದ್ದ ಹಾಗೆ. ಒಬ್ಬ ಬೆರಳು ತೆಗೆದ, ಇನ್ನೊಬ್ಬ ವಾಂತಿ ಮಾಡಿಸಿದ. ಯಾಕೆ?

ಇಬ್ಬರೂ ಮಾಡುವುದು ಆಲ್ಕಲಾಯ್ಡ್. ಹೆಸರು ದೊಡ್ಡದು, ವಿಷಯ ಪರಿಚಿತ. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್, ಅಫೀಮಿನ ಮಾರ್ಫಿನ್, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಎಲ್ಲ ಆಲ್ಕಲಾಯ್ಡ್‌ಗಳೇ. ಇವುಗಳಲ್ಲಿ ಸಾರಜನಕ ಇರುತ್ತದೆ, ಮತ್ತು ಪ್ರಾಣಿಗಳ ನರ, ರಕ್ತನಾಳಗಳ ಮೇಲೆ ಇವು ಸಣ್ಣ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ. ಎರ್ಗಾಟ್‌ನ ಆಲ್ಕಲಾಯ್ಡ್‌ಗೆ ಮೂಲ ವಸ್ತು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ, ಅಂದರೆ ಪ್ರೊಟೀನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು. ಅದು ಹಾಲಲ್ಲೂ ಇದೆ, ಬೇಳೆಯಲ್ಲೂ ಇದೆ. ಶಿಲೀಂಧ್ರ ಈ ಟ್ರಿಪ್ಟೊಫಾನ್‌ಗೆ 5 ಇಂಗಾಲದ ಒಂದು ತುಂಡನ್ನು ಅಂಟಿಸುತ್ತದೆ. ವಿಷದ ದಾರಿ ಅಲ್ಲಿಂದ ಶುರು. ಅಂಟಿಸುವ ಕಿಣ್ವವನ್ನು ಕೊಡುವ ಜೀನ್‌ಗೆ ಡಿಎಂಎ-ಡಬ್ಲ್ಯೂ ಎಂದು ಹೆಸರು. 1995ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಶಾರ್ಡಲ್ ಮತ್ತು ಸಂಗಡಿಗರು ಅದನ್ನು ಹಿಡಿದರು. ಎರ್ಗಾಟ್ ದಾರಿಯಲ್ಲಿ ಸಿಕ್ಕ ಮೊದಲ ಜೀನ್ ಅದೇ.

ಮೊದಲ ಜೀನ್ ಸಿಕ್ಕಿದ್ದು ದೊಡ್ಡ ಸುದ್ದಿ. ಆದರೆ ನನಗೆ ಅದಕ್ಕಿಂತ ಅಚ್ಚರಿ ಅನ್ನಿಸುವುದು ಆಮೇಲೆ ಆದದ್ದು. 1999ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಪಾಲ್ ಟುಡ್ಜಿನ್‌ಸ್ಕಿ ಅವರ ತಂಡ ಈ ಜೀನ್‌ನ ಅಕ್ಕಪಕ್ಕ ಏನಿದೆ ಅಂತ ಡಿಎನ್‌ಎ ಮೇಲೆ ನಡೆಯುತ್ತಾ ಹೋಯಿತು. ಪಕ್ಕದ ಮನೆಯ ಬಾಗಿಲು ತಟ್ಟಿದರೆ ಅಲ್ಲೂ ಅದೇ ಕಸುಬಿನವರು. ಅದರ ಪಕ್ಕದಲ್ಲೂ ಅವರೇ. ಮುಂದಿನ ವರ್ಷಗಳಲ್ಲಿ ಲೆಕ್ಕ ಪೂರ್ತಿಯಾದಾಗ ರೈ ಎರ್ಗಾಟ್‌ನಲ್ಲಿ 14 ಜೀನ್‌ಗಳು ಸುಮಾರು 68 ಸಾವಿರ ಅಕ್ಷರಗಳಷ್ಟು ಉದ್ದದ ಒಂದೇ ತುಂಡಿನಲ್ಲಿ ಸಾಲಾಗಿ ಸಿಕ್ಕಿದವು. ಆ ಶಿಲೀಂಧ್ರದ ಇಡೀ ಡಿಎನ್‌ಎ ಸುಮಾರು 3.2 ಕೋಟಿ ಅಕ್ಷರ. ಅಷ್ಟು ದೊಡ್ಡ ಊರಿನಲ್ಲಿ ಈ ಕಸುಬಿನವರೆಲ್ಲ ಒಂದೇ ಓಣಿಯಲ್ಲಿ ಇದ್ದರು.

ಇಳಕಲ್‌ನ ನೇಕಾರರ ಓಣಿ ನೆನಪಾಗುತ್ತದೆ. ಒಬ್ಬರು ನೂಲಿಗೆ ಬಣ್ಣ ಹಾಕುತ್ತಾರೆ, ಒಬ್ಬರು ಹಾಸು ಹೂಡುತ್ತಾರೆ, ಒಬ್ಬರು ಮಗ್ಗದಲ್ಲಿ ಕೂತು ನೇಯುತ್ತಾರೆ. ಕೆಲಸ ಮನೆಯಿಂದ ಮನೆಗೆ ಸಾಗುತ್ತದೆ. ಶಿಲೀಂಧ್ರದ ಜೀನ್ ಓಣಿಯೂ ಹೀಗೇ. ಒಂದು ಜೀನ್‌ನ ಕಿಣ್ವ ಮಾಡಿ ಮುಗಿಸಿದ್ದನ್ನು ಮುಂದಿನ ಜೀನ್‌ನ ಕಿಣ್ವ ಕೈಗೆ ತೆಗೆದುಕೊಳ್ಳುತ್ತದೆ. ಗಿಡಗಳಲ್ಲೂ ಆಲ್ಕಲಾಯ್ಡ್ ಮಾಡುವ ಜೀನ್‌ಗಳಿವೆ, ಆದರೆ ಅಲ್ಲಿ ಅವು ಹೆಚ್ಚಾಗಿ ಊರ ತುಂಬಾ ಚದುರಿರುತ್ತವೆ. ಶಿಲೀಂಧ್ರಗಳಲ್ಲಿ ಒಂದೆಡೆ ಇರುವುದೇ ಜಾಸ್ತಿ. ಇದರಿಂದ ಎರಡು ಅನುಕೂಲ. ಎಲ್ಲ ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸಬಹುದು, ಒಟ್ಟಿಗೆ ಮಲಗಿಸಬಹುದು. ಮತ್ತು ಮುಂದಿನ ಪೀಳಿಗೆಗೆ ಇಡೀ ಕಸುಬು ಒಂದೇ ಗಂಟಾಗಿ ಹೋಗುತ್ತದೆ, ಅರ್ಧಂಬರ್ಧ ಹೋಗುವುದು ಕಡಿಮೆ.

ಇಳಕಲ್ ಸೀರೆಯ ಇನ್ನೊಂದು ವಿಶೇಷ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಸೇರಿಸುತ್ತಾರೆ. ರೈ ಎರ್ಗಾಟ್‌ನ ವಿಷವೂ ಹೀಗೆ ಎರಡು ಭಾಗದ್ದು. ಟ್ರಿಪ್ಟೊಫಾನ್‌ನಿಂದ ಹೊರಟು ಹಲವು ಹೆಜ್ಜೆ ದಾಟಿ ಲೈಸರ್ಜಿಕ್ ಆಮ್ಲದ ತನಕ ಬರುವುದು ಸೀರೆಯ ಮೈ. ಎಲ್‌ಪಿಎಸ್-ಬಿ ಎಂಬ ಜೀನ್‌ನ ಕಿಣ್ವ ಈ ಮೈಯನ್ನು ಹಿಡಿದುಕೊಳ್ಳುತ್ತದೆ. ಎಲ್‌ಪಿಎಸ್-ಎ ಕಿಣ್ವ 3 ಅಮೈನೊ ಆಮ್ಲಗಳ ಸೆರಗನ್ನು ಅದಕ್ಕೆ ಸೇರಿಸುತ್ತದೆ. ಸೆರಗಿನಲ್ಲಿ ಅಲನಿನ್, ಫಿನೈಲಲನಿನ್, ಪ್ರೋಲಿನ್ ಇದ್ದರೆ ಅದು ಎರ್ಗೊಟಮಿನ್. ವ್ಯಾಲಿನ್, ಲ್ಯೂಸಿನ್, ಪ್ರೋಲಿನ್ ಇದ್ದರೆ ಎರ್ಗೊಕ್ರಿಪ್ಟಿನ್. ಮೈ ಒಂದೇ, ಸೆರಗು ಬೇರೆ. ಮ್ಯೂನ್‌ಸ್ಟರ್ ತಂಡ ನೋಡಿದ ತಳಿಯಲ್ಲಿ ಈ ಸೆರಗಿನ ಜೀನ್ 2 ಇದ್ದವು, ಅಕ್ಕಪಕ್ಕದಲ್ಲೇ. ಒಂದು ಕಾಲದಲ್ಲಿ ಒಂದೇ ಇದ್ದ ಜೀನ್ ನಕಲಾಗಿ, ನಕಲು ಸ್ವಲ್ಪ ಬದಲಾಗಿ, ಹೊಸ ವಿಷ ಹುಟ್ಟಿದೆ. ರಕ್ತನಾಳವನ್ನು ಬಿಗಿದು ಬೆರಳಿಗೆ ರಕ್ತ ಹೋಗದಂತೆ ಮಾಡುವುದು ಈ ಸೆರಗು ಇರುವ ವಿಷಗಳು. ಎರ್ಗೊಟಮಿನ್ ಅದರಲ್ಲಿ ಹೆಸರುವಾಸಿ.

ಹಾಗಾದರೆ ಸಜ್ಜೆಯ ಎರ್ಗಾಟ್‌ನಲ್ಲಿ ಏನಾಯಿತು? ಅದರಲ್ಲಿ ಸಿಗುವುದು ಮುಖ್ಯವಾಗಿ ಅಗ್ರೋಕ್ಲಾವಿನ್ ಮತ್ತು ಎಲಿಮೋಕ್ಲಾವಿನ್. ಇವಕ್ಕೆ ಒಟ್ಟಾಗಿ ಕ್ಲಾವಿನ್‌ಗಳು ಅನ್ನುತ್ತಾರೆ. ಲೈಸರ್ಜಿಕ್ ಆಮ್ಲಕ್ಕೆ ಇನ್ನೊಂದೇ ಗೇಣು ಇದೆ ಅನ್ನುವಾಗ ಈ ದಾರಿ ನಿಂತುಬಿಡುತ್ತದೆ. ಸೆರಗು ದೂರದ ಮಾತು, ಸೀರೆಯ ಮೈಯೇ ಪೂರ್ತಿ ಆಗಿಲ್ಲ. ಯಾಕೆ ನಿಂತಿತು ಅಂತ ಜರ್ಮನಿ ಮತ್ತು ಅಮೆರಿಕದ ಸಂಶೋಧಕರು ಸೇರಿ ಹುಡುಕಿದರು. 2007ರಲ್ಲಿ ಬಂದ ಅವರ ಕೆಲಸವನ್ನು ಓದಿದಾಗ ಹಳೇ ಮನೆಯೊಂದರ ಪಾಯ ಅಗೆದು ನೋಡಿದ ಹಾಗೆ ಅನ್ನಿಸುತ್ತದೆ.

ಸಜ್ಜೆ ಎರ್ಗಾಟ್‌ನಲ್ಲೂ ಅದೇ ಓಣಿ ಇದೆ. ಡಿಎಂಎ-ಡಬ್ಲ್ಯೂ ಇದೆ, ನಡುವಿನ ಜೀನ್‌ಗಳೆಲ್ಲ ಇವೆ. ಸೆರಗು ಸೇರಿಸುವ ಎಲ್‌ಪಿಎಸ್-ಎ ಮನೆಗಳು ಮಾತ್ರ ಕಾಣಿಸಲಿಲ್ಲ. ಎಲ್‌ಪಿಎಸ್-ಬಿ ಇದ್ದ ಜಾಗದಲ್ಲಿ ಬಿದ್ದ ಗೋಡೆ. ಜೀನ್ ಅರ್ಧಕ್ಕೆ ತುಂಡಾಗಿದೆ, ಉಳಿದ ಅರ್ಧದಲ್ಲೂ ಅಕ್ಷರ ಬಿಟ್ಟುಹೋಗಿ ಓದಲು ಬರದಂತಾಗಿದೆ. ಇನ್ನು ಎಲಿಮೋಕ್ಲಾವಿನ್ ಅನ್ನು ಲೈಸರ್ಜಿಕ್ ಆಮ್ಲ ಮಾಡಬೇಕಾದ ಜೀನ್ ಕ್ಲೋ-ಎ. ಅದು ನೋಡಲು ಸರಿಯಾಗೇ ಇದೆ. ಒಡೆದ ಗುರುತು ಎಲ್ಲೂ ಇಲ್ಲ. ಶಿಲೀಂಧ್ರ ಅದನ್ನು ದಿನವೂ ಓದುತ್ತಲೂ ಇದೆ. ಆದರೆ ಅದರಿಂದ ಬರುವ ಕಿಣ್ವ ಕೆಲಸ ಮಾಡುವುದಿಲ್ಲ.

ಇಲ್ಲಿ ಅವರು ಒಂದು ಪ್ರಯೋಗ ಮಾಡಿದರು. ರೈ ಎರ್ಗಾಟ್‌ನ ಕ್ಲೋ-ಎ ಜೀನನ್ನು ತಂದು ಸಜ್ಜೆ ಎರ್ಗಾಟ್‌ಗೆ ಹಾಕಿದರು. ಅಷ್ಟೇ, ಒಂದೇ ಜೀನ್. ಸಜ್ಜೆ ಎರ್ಗಾಟ್ ಲೈಸರ್ಜಿಕ್ ಆಮ್ಲ ಮಾಡತೊಡಗಿತು. ದಾರಿ ಕಟ್ಟಿದ್ದ ಜಾಗ ಅದೇ ಅನ್ನುವುದು ಖಚಿತವಾಯಿತು. ಒಂದು ಕಾಲದಲ್ಲಿ ಈ ತಮ್ಮನೂ ಅಣ್ಣನಂತೆ ಮುಂದಿನ ಹೆಜ್ಜೆಗಳನ್ನು ಇಡುತ್ತಿದ್ದ, ಆಮೇಲೆ ಮರೆತ ಅನ್ನುವ ತೀರ್ಮಾನಕ್ಕೆ ಅವರು ಬಂದರು. ಸಜ್ಜೆ ರೊಟ್ಟಿ ತಿನ್ನುವ ನಮಗೆ ಇದು ಸಣ್ಣ ವಿಷಯ ಅಲ್ಲ. ರಾಜಸ್ಥಾನದ ಜನರ ಬೆರಳು ಉಳಿದದ್ದರ ಹಿಂದೆ ಈ ಮರೆವು ಇದೆ.

ಇಂಥ ಮರೆವು ಒಂದು ಶಿಲೀಂಧ್ರದ್ದು ಮಾತ್ರ ಅಲ್ಲ. 2013ರಲ್ಲಿ ಶಾರ್ಡಲ್ ಮತ್ತು ಹಲವು ದೇಶಗಳ ಸಂಶೋಧಕರು ಕ್ಲಾವಿಸೆಪ್ಸ್ ಮತ್ತು ಅದರ ನೆಂಟ ಶಿಲೀಂಧ್ರಗಳ 15 ಡಿಎನ್‌ಎಗಳನ್ನು ಪೂರ್ತಿ ಓದಿ ಹೋಲಿಸಿದರು. ಮೊದಲ ಹೆಜ್ಜೆಗಳ ಜೀನ್‌ಗಳು ಅಷ್ಟಾಗಿ ಬದಲಾಗುವುದಿಲ್ಲ. ಕೊನೆಯ ಹೆಜ್ಜೆಗಳ ಜೀನ್‌ಗಳ ಸುತ್ತ ಮಾತ್ರ ಜಾಗ ಬಿಟ್ಟು ಜಾಗಕ್ಕೆ ಹಾರುವ ಡಿಎನ್‌ಎ ತುಂಡುಗಳು ತುಂಬಿಕೊಂಡಿರುತ್ತವೆ. ಅವು ಬಂದು ಕೂತಾಗ ಜೀನ್ ಒಡೆಯುತ್ತದೆ, ಕೆಲವೊಮ್ಮೆ ನಕಲಾಗುತ್ತದೆ, ಕೆಲವೊಮ್ಮೆ ಕಳೆದೇ ಹೋಗುತ್ತದೆ. ಹಾಗಾಗಿ ಹತ್ತಿರದ ನೆಂಟರಲ್ಲೂ ಕೊನೆಯ ವಿಷ ಬೇರೆಬೇರೆ. ಹುಲ್ಲಿನ ಮೇಲೆ ಬರುವ ಕ್ಲಾವಿಸೆಪ್ಸ್ ಪಾಸ್ಪಲಿ ಲೈಸರ್ಜಿಕ್ ಆಮ್ಲದ ಸರಳ ರೂಪಗಳಿಗೆ ನಿಲ್ಲುತ್ತದೆ. ರೈಯದ್ದು ಕೊನೆಯ ತನಕ ಹೋಗುತ್ತದೆ. ಸಜ್ಜೆಯದ್ದು ಮೊದಲೇ ನಿಲ್ಲುತ್ತದೆ.

ನಡುದಾರಿಯಲ್ಲೂ ಒಂದು ಕವಲಿದೆ. ಅಲ್ಲಿ ನಿಂತಿರುವುದು ಈಸ್-ಎ ಎಂಬ ಜೀನ್. ಕ್ಲಾವಿಸೆಪ್ಸ್‌ನಲ್ಲಿ ಅದರ ಕಿಣ್ವ ದಾರಿಯನ್ನು ಅಗ್ರೋಕ್ಲಾವಿನ್ ಕಡೆ ತಿರುಗಿಸುತ್ತದೆ. ಗೊಬ್ಬರದ ಗುಂಡಿಯಲ್ಲಿ, ಕೊಳೆತ ಎಲೆಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿನಲ್ಲೂ ಇದೇ ಜೀನ್ ಓಣಿಯ ಮೊದಲರ್ಧ ಇದೆ. ಅಲ್ಲಿ ಈಸ್-ಎ ದಾರಿಯನ್ನು ಫೆಸ್ಟುಕ್ಲಾವಿನ್ ಎಂಬ ಇನ್ನೊಂದು ಕ್ಲಾವಿನ್ ಕಡೆ ತಿರುಗಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು 2010ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆ ಬೂಷ್ಟಿನ ಕಿಣ್ವದಲ್ಲಿ ಒಂದು ಟೈರೋಸಿನ್ ತೆಗೆದು ಫಿನೈಲಲನಿನ್ ಇಟ್ಟರೆ ಸಾಕು, ಅದು ಅಗ್ರೋಕ್ಲಾವಿನ್ ಕಡೆಗೆ ತಿರುಗುತ್ತದೆ. ನೂರಾರು ಮಣಿಗಳ ಸರದಲ್ಲಿ ಒಂದು ಮಣಿ.

ಈ ಕವಲು ನಮ್ಮ ಜೋಳಕ್ಕೂ ಬರುತ್ತದೆ. ಜೋಳದ ಎರ್ಗಾಟ್ ಭಾರತದಲ್ಲಿ ಹಳೆಯ ರೋಗ. ಅದನ್ನು ತರುವ ಶಿಲೀಂಧ್ರಗಳಲ್ಲಿ ಒಂದಾದ ಕ್ಲಾವಿಸೆಪ್ಸ್ ಆಫ್ರಿಕಾನ ಎಂಬುದು 1990ರ ದಶಕದಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಅಮೆರಿಕಕ್ಕೂ ಹಬ್ಬಿತು. ಇದು ಫೆಸ್ಟುಕ್ಲಾವಿನ್ ದಾರಿ ಹಿಡಿದು, ಕೊನೆಯಲ್ಲಿ ಸೆರಗನ್ನೂ ಸೇರಿಸಿ, ಡೈಹೈಡ್ರೋಎರ್ಗೋಸಿನ್ ಮಾಡುತ್ತದೆ. ಅದಕ್ಕೆ ತಕ್ಕ ಹಾಗೆ ಅದರ ಕ್ಲೋ-ಎ ಜೀನ್ ಕೂಡ ಬದಲಾಗಿದೆ. ಅಂದರೆ ರೈಗೆ ಒಂದು ಗುಂಪು, ಸಜ್ಜೆಗೆ ಒಂದು, ಜೋಳಕ್ಕೆ ಮತ್ತೊಂದು. ಮೂರಕ್ಕೂ ನಾವು ಸುಮ್ನೆ ಎರ್ಗಾಟ್ ಅನ್ನುತ್ತೇವೆ.

ಈಗ ಕಾನೂನಿನ ಕಡೆ ಬರೋಣ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲಿ ಎರ್ಗಾಟ್ ಆಲ್ಕಲಾಯ್ಡ್‌ಗಳ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಅದರ ನೋಟ ಇದ್ದದ್ದು ರೈ ಎರ್ಗಾಟ್‌ನ 6 ಆಲ್ಕಲಾಯ್ಡ್‌ಗಳ ಮೇಲೆ. ಎರ್ಗೊಮೆಟ್ರಿನ್, ಎರ್ಗೊಟಮಿನ್, ಎರ್ಗೋಸಿನ್, ಎರ್ಗೊಕ್ರಿಸ್ಟಿನ್, ಎರ್ಗೊಕ್ರಿಪ್ಟಿನ್, ಎರ್ಗೊಕಾರ್ನಿನ್. ಪ್ರತಿಯೊಂದಕ್ಕೂ ಒಂದು ಜೋಡಿ ರೂಪ ಇದೆ, ಹಾಗಾಗಿ ಒಟ್ಟು 12. ಯೂರೋಪಿನ ಒಕ್ಕೂಟ 2022ರ ಜನವರಿಯಿಂದ ಜಾರಿಗೆ ತಂದ ಮಿತಿಗಳು ಈ 12ರ ಮೊತ್ತದ ಮೇಲೆ ನಿಂತಿವೆ. ಧಾನ್ಯದಿಂದ ಮಾಡಿದ ಶಿಶು ಆಹಾರದಲ್ಲಿ ಒಂದು ಕೆಜಿಗೆ 20 ಮೈಕ್ರೋಗ್ರಾಂ ದಾಟುವಂತಿಲ್ಲ. ಯೂರೋಪಿನ ಪ್ರಮಾಣಿತ ಪರೀಕ್ಷಾ ವಿಧಾನ ಹುಡುಕುವುದೂ ಈ 12ನ್ನೇ. ಗೋಧಿ, ಬಾರ್ಲಿ, ಓಟ್ಸ್, ರೈ ತಿನ್ನುವ ಜನರಿಗೆ ಇದು ಸರಿಯಾದ, ಎಚ್ಚರದ ಕೆಲಸ.

12ನ್ನೂ ಒಂದೊಂದಾಗಿ ನೋಡಿ. ಎಲ್ಲವೂ ಲೈಸರ್ಜಿಕ್ ಆಮ್ಲ ದಾಟಿ ಮುಂದೆ ಹೋದವು. ಅಂದರೆ ಕ್ಲೋ-ಎ ಮತ್ತು ಎಲ್‌ಪಿಎಸ್ ಜೀನ್‌ಗಳು ಕೆಲಸ ಮಾಡಿದ ಮೇಲೆ ಹುಟ್ಟುವಂಥವು. ಸಜ್ಜೆ ಎರ್ಗಾಟ್‌ನಲ್ಲಿ ಕೆಲಸ ಮಾಡದೇ ಇರುವುದು ಅದೇ ಜೀನ್‌ಗಳು! ಎರ್ಗಾಟ್ ಬೆರೆತ ಸಜ್ಜೆ ಹಿಟ್ಟನ್ನು ಈ ಪರೀಕ್ಷೆಗೆ ಕೊಟ್ಟರೆ ವರದಿಯಲ್ಲಿ 12 ಸಾಲಿನ ಮುಂದೆಯೂ ಇಲ್ಲ ಎಂದು ಬರೆದು ಬರಬಹುದು. ಪ್ರಯೋಗಾಲಯ ಸುಳ್ಳು ಹೇಳಿಲ್ಲ. ಅದನ್ನು ಕೇಳಿದ್ದೇ ಬೇರೆ ಪ್ರಶ್ನೆ. ಜೋಳದ ಡೈಹೈಡ್ರೋಎರ್ಗೋಸಿನ್ ಕೂಡ ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ದೇಶದ ಆಹಾರ ನಿಯಮ ಬೇರೆ ರೀತಿಯದು. ಸಜ್ಜೆಯಲ್ಲಿ ಎರ್ಗಾಟ್ ತಗುಲಿದ ಕಾಳು ತೂಕದ ಲೆಕ್ಕದಲ್ಲಿ ಶೇ. 0.05 ಮೀರಬಾರದು. ಒಂದು ಕೆಜಿಗೆ ಅರ್ಧ ಗ್ರಾಂ. ಇಡೀ ಕಾಳಿಗೆ ಇದು ಒಳ್ಳೆಯ ನಿಯಮ. ಮೊರದಲ್ಲಿ ಹಾಕಿ ಕೇರಿ, ಕರಿ ಕಾಳು ಆರಿಸಿ, ತೂಗಿದರೆ ಮುಗಿಯಿತು. ವಿಷದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಆದರೆ ಸಜ್ಜೆ ಈಗ ಕಾಳಾಗಿ ಮನೆಗೆ ಬರುವುದು ಕಡಿಮೆಯಾಗುತ್ತಿದೆ. ಹಿಟ್ಟಾಗಿ, ರವೆಯಾಗಿ, ಬಿಸ್ಕತ್ತಾಗಿ ಬರುತ್ತದೆ. ಹಿಟ್ಟಾದ ಮೇಲೆ ಕರಿ ಕಾಳನ್ನು ಯಾರು ಆರಿಸುತ್ತಾರೆ? ಸಜ್ಜೆ ಹಿಟ್ಟಿನ ಬಣ್ಣವೇ ಬೂದಿ ಬಣ್ಣ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆಗ ಉಳಿಯುವುದು ರಾಸಾಯನಿಕ ಪರೀಕ್ಷೆ ಒಂದೇ. ಆ ಪರೀಕ್ಷೆಯನ್ನು ಎರವಲು ತಂದ ಪಟ್ಟಿಯಿಂದ ಮಾಡಿದರೆ ನಮ್ಮ ವಿಷ ಜರಡಿಯ ತೂತಿನಿಂದ ಜಾರಿಹೋಗುತ್ತದೆ. ನನ್ನ ಚಿಂತೆ ಇದೇ.

ಕ್ಲಾವಿನ್‌ಗಳು ಬೆರಳು ಕಪ್ಪಾಗಿಸುವುದಿಲ್ಲ, ಹಾಗಾದರೆ ಬಿಡಿ ಅಂತ ಹೇಳಲು ಬರುವುದಿಲ್ಲ. 1950ರ ದಶಕದಲ್ಲಿ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಮರಿ ಹಾಕಿದ ಹಂದಿಗಳಿಗೆ ಹಾಲೇ ಇಳಿಯಲಿಲ್ಲ. ಕಾರಣ ಹುಡುಕಿದಾಗ ಅವು ತಿಂದದ್ದು ಎರ್ಗಾಟ್ ಬೆರೆತ ಸಜ್ಜೆ. ಎರ್ಗಾಟ್ ಆಲ್ಕಲಾಯ್ಡ್‌ಗಳು ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್‌ನಂತೆ ನಟಿಸುತ್ತವೆ. ಅದರಿಂದ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಇಳಿಯುತ್ತದೆ. ಎರ್ಗೊಕ್ರಿಪ್ಟಿನ್‌ನಿಂದ ಮಾಡಿದ ಬ್ರೋಮೋಕ್ರಿಪ್ಟಿನ್ ಮಾತ್ರೆಯನ್ನು ವೈದ್ಯರು ಪ್ರೊಲ್ಯಾಕ್ಟಿನ್ ಇಳಿಸಲೆಂದೇ ಕೊಡುತ್ತಾರೆ. ಬಾಣಂತಿಗೆ ಸಜ್ಜೆ ಒಳ್ಳೆಯದು ಅಂತ ಹೇಳುವ ಮೊದಲು ಆ ಸಜ್ಜೆ ಸ್ವಚ್ಛವಾಗಿದೆಯಾ ಅಂತ ನೋಡಬೇಕು ಅನ್ನುವುದು ಇದಕ್ಕೇ.

ರೈ ಎರ್ಗಾಟ್‌ನ ವಿಷ ತಾಯಂದಿರ ಜೀವ ಉಳಿಸಿದ್ದನ್ನೂ ಹೇಳಬೇಕು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದಾಗ ಗರ್ಭಕೋಶವನ್ನು ಬಿಗಿಗೊಳಿಸುವ ಎರ್ಗೊಮೆಟ್ರಿನ್ 1935ರಲ್ಲಿ ಬೇರ್ಪಟ್ಟಿತು. ಅದರ ಸುಧಾರಿತ ರೂಪ ಮಿಥೈಲ್‌ಎರ್ಗೊಮೆಟ್ರಿನ್ ನಮ್ಮ ಹೆರಿಗೆ ವಾರ್ಡುಗಳಲ್ಲಿ ಪರಿಚಿತ ಇಂಜೆಕ್ಷನ್. ಅದಕ್ಕೆ ಬೇಕಾದ ಲೈಸರ್ಜಿಕ್ ಆಮ್ಲಕ್ಕೆ ಇಂದಿಗೂ ಶಿಲೀಂಧ್ರವೇ ಆಸರೆ. 2022ರಲ್ಲಿ ಸಿಂಗಪುರದ ಸಂಶೋಧಕರು ಈ ಓಣಿಯ ಜೀನ್‌ಗಳನ್ನು ಬ್ರೆಡ್ ಉಬ್ಬಿಸುವ ಯೀಸ್ಟ್‌ಗೆ ಹಾಕಿ, ಟ್ರಿಪ್ಟೊಫಾನ್‌ನಿಂದ ಲೈಸರ್ಜಿಕ್ ಆಮ್ಲದ ತನಕ ಇಡೀ ದಾರಿಯನ್ನು ಯೀಸ್ಟ್‌ನಲ್ಲೇ ನಡೆಸಿ ತೋರಿಸಿದರು. ಇಳುವರಿ ಇನ್ನೂ ತೀರಾ ಕಡಿಮೆ. ಆದರೆ ದಾರಿ ತೆರೆದಿದೆ.

ಇಷ್ಟು ಹೇಳಿದ ಮೇಲೆ ಜೀನ್ ಓದಿದರೆ ಎಲ್ಲ ಗೊತ್ತಾಗುತ್ತದೆ ಅನ್ನಿಸಬಹುದು. ಹಾಗಿಲ್ಲ. ಸಜ್ಜೆ ಎರ್ಗಾಟ್‌ನ ಕ್ಲೋ-ಎ ಜೀನನ್ನೇ ನೋಡಿ. ಓದಿದರೆ ಸರಿಯಾಗಿದೆ ಅನ್ನಿಸುತ್ತದೆ, ಕೆಲಸ ಮಾಡಿಸಿ ನೋಡಿದರೆ ಮಾಡುವುದಿಲ್ಲ. ಇದಕ್ಕೆ ತಿರುಗುಮುರುಗಿನ ಉದಾಹರಣೆ ಸೈಲೋಸಿಬಿನ್ ಎಂಬ ಅಣಬೆ ಆಲ್ಕಲಾಯ್ಡ್. ಅದೂ ಟ್ರಿಪ್ಟೊಫಾನ್‌ನಿಂದಲೇ ಹೊರಡುತ್ತದೆ, ಆದರೆ ದಾರಿ ಬೇರೆ. 2017ರಲ್ಲಿ ಜರ್ಮನಿಯ ಯೆನಾದಲ್ಲಿ ಡಿರ್ಕ್ ಹಾಫ್‌ಮೈಸ್ಟರ್ ಅವರ ತಂಡ ಅದನ್ನು ಮಾಡುವ 4 ಕಿಣ್ವಗಳನ್ನು ಗುರುತಿಸಿತು. ಸೈಲೋಸಿಬಿನ್ ಇದ್ದಲ್ಲಿ ಈ ಜೀನ್‌ಗಳು ಇರಲೇಬೇಕು ಅಂದುಕೊಳ್ಳುವುದು ಸಹಜ. ಆದರೆ 2025ರಲ್ಲಿ ಅದೇ ತಂಡ ಇನೋಸೈಬಿ ಎಂಬ ಬೇರೆ ಗುಂಪಿನ ಅಣಬೆ ಅದೇ ಸೈಲೋಸಿಬಿನ್ ಅನ್ನು ಪೂರಾ ಬೇರೆ ಕಿಣ್ವಗಳಿಂದ, ಬೇರೆ ಕ್ರಮದಲ್ಲಿ ಮಾಡುತ್ತದೆ ಎಂದು ತೋರಿಸಿತು. ಎರಡು ಊರಿನಲ್ಲಿ ಬೇರೆಬೇರೆಯಾಗಿ ಹುಟ್ಟಿದ ಒಂದೇ ಅಡುಗೆ. ಗೊತ್ತಿರುವ ಜೀನ್‌ಗಳನ್ನು ಮಾತ್ರ ಹುಡುಕುವವರಿಗೆ ಅದು ಸಿಗುತ್ತಲೇ ಇರಲಿಲ್ಲ.

ಜೊತೆಗೆ ಜೀನ್ ಇರುವುದು ಬೇರೆ, ಅದು ಎಚ್ಚರವಾಗಿರುವುದು ಬೇರೆ. ಎರ್ಗಾಟ್ ಶಿಲೀಂಧ್ರವನ್ನು ತೊಟ್ಟಿಯಲ್ಲಿ ಬೆಳೆಸುವ ಔಷಧ ಕಾರ್ಖಾನೆಗಳಿಗೆ ಇದು ಮೊದಲೇ ಗೊತ್ತಿತ್ತು. ಫಾಸ್ಫೇಟ್ ಜಾಸ್ತಿಯಾದರೆ ಶಿಲೀಂಧ್ರ ಚೆನ್ನಾಗಿ ಕೊಬ್ಬುತ್ತದೆ, ಆಲ್ಕಲಾಯ್ಡ್ ಮಾಡುವುದಿಲ್ಲ. ಟ್ರಿಪ್ಟೊಫಾನ್ ಸಿಕ್ಕರೆ ಜೀನ್‌ಗಳು ಎದ್ದು ಕೂರುತ್ತವೆ.

ಹಾಗಾಗಿ ನನ್ನ ಮಾತು ಇಷ್ಟು. ಜೀನ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ. ಎಷ್ಟು ಇದೆ ಅಂತ ಹೇಳುವುದು ರಸಾಯನಶಾಸ್ತ್ರ. ಮೊದಲನೆಯದು ಇಲ್ಲದೆ ಎರಡನೆಯದು ಕುರುಡು.

ಈ ಜೋಡಿಯನ್ನು ಸರಿಯಾಗಿ ಬಳಸಿದ ಜನ ಇದ್ದಾರೆ. ಅಮೆರಿಕದಲ್ಲಿ 1943ರಲ್ಲಿ ಕೆಂಟಕಿ 31 ಎಂಬ ಮೇವಿನ ಹುಲ್ಲಿನ ತಳಿ ಬಿಡುಗಡೆಯಾಯಿತು. ಬರ ತಡೆಯುತ್ತಿತ್ತು, ಎಲ್ಲೆಡೆ ಹಬ್ಬಿತು. ಆದರೆ ಅದನ್ನು ಮೇಯ್ದ ದನಗಳು ಸೊರಗುತ್ತಿದ್ದವು, ಚಳಿಗಾಲದಲ್ಲಿ ಬಾಲದ ತುದಿ, ಗೊರಸು ಕೊಳೆಯುತ್ತಿದ್ದವು. ಕಾರಣ ಹುಲ್ಲಿನ ಒಳಗೇ ಕಾಣದಂತೆ ಬದುಕುವ ಶಿಲೀಂಧ್ರ ಅನ್ನುವುದು ಬೆಳಕಿಗೆ ಬಂದದ್ದು 1977ರಲ್ಲಿ. ಅದು ಎರ್ಗಾಟ್‌ನ ನೆಂಟ ಎಪಿಕ್ಲೋಯಿ. ಅದನ್ನು ತೆಗೆದುಹಾಕಿದರೆ ಹುಲ್ಲು ಬರ, ಕೀಟ ತಡೆಯುವುದಿಲ್ಲ. 2001ರಲ್ಲಿ ಡೇನಿಯಲ್ ಪನಾಸಿಯೋನೆ ಮತ್ತು ಸಂಗಡಿಗರು ಅದರ ನೆಂಟ ರೈಗ್ರಾಸ್ ಹುಲ್ಲಿನ ಶಿಲೀಂಧ್ರದಲ್ಲಿ ಸೆರಗಿನ ಜೀನನ್ನು ಮಾತ್ರ ಕೆಡಿಸಿದರು. ವಿಷ ಹೋಯಿತು, ಹುಲ್ಲಿನ ಜೊತೆಗಿನ ಸ್ನೇಹ ಉಳಿಯಿತು. ರೈತರ ಹೊಲಕ್ಕೆ ಹೋದದ್ದು ಜೀನ್ ಕೆಡಿಸಿದ ಶಿಲೀಂಧ್ರ ಅಲ್ಲ. ತಾನಾಗೇ ಆ ವಿಷ ಮಾಡದ ಎಪಿಕ್ಲೋಯಿ ತಳಿಗಳನ್ನು ಹುಡುಕಿ ಹುಲ್ಲಿಗೆ ಸೇರಿಸಿದರು. ಅಮೆರಿಕ ಮತ್ತು ನ್ಯೂಜಿಲೆಂಡಿನಲ್ಲಿ ಈಗ ಅಂಥ ಬೀಜ ಮಾರಾಟದಲ್ಲಿದೆ. ಯಾವ ತಳಿ ಯಾವ ಆಲ್ಕಲಾಯ್ಡ್ ಮಾಡಬಲ್ಲದು ಅಂತ ಮೊದಲು ಜೀನ್ ನೋಡಿ ಅಂದಾಜು ಮಾಡುತ್ತಾರೆ, ಆಮೇಲೆ ರಾಸಾಯನಿಕ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ. ದನದ ಮೇವಿಗೆ ಇಷ್ಟು ಎಚ್ಚರ ಸಾಧ್ಯವಾದರೆ ಮಕ್ಕಳ ಮಾಲ್ಟ್‌ಗೆ ಯಾಕೆ ಆಗಬಾರದು?

ಹೊಲದಲ್ಲಿ ಮಾಡಬೇಕಾದದ್ದು ಹೆಚ್ಚು ಕಡಿಮೆ ಗೊತ್ತಿದೆ. ಸಜ್ಜೆಯಲ್ಲಿ ಮೊದಲು ಶಲಾಕೆ, ಅಂದರೆ ಪರಾಗ ಹಿಡಿಯುವ ಹೂವಿನ ಹೆಣ್ಣು ಭಾಗ, ಹೊರಬರುತ್ತದೆ, ಪರಾಗ ಆಮೇಲೆ. ಆ ನಡುವಿನ ದಿನಗಳಲ್ಲೇ ಶಿಲೀಂಧ್ರ ಒಳಗೆ ನುಗ್ಗುವುದು. ಪರಾಗ ಬಿದ್ದ ಕೂಡಲೇ ಶಲಾಕೆ ಬಾಡಿ ದಾರಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪರಾಗ ಬೇಗ, ಧಾರಾಳವಾಗಿ ಸಿಗುವ ಹೊಲದಲ್ಲಿ ಎರ್ಗಾಟ್ ಕಡಿಮೆ. ಬಿತ್ತನೆ ಬೀಜಕ್ಕೆ ಕೃಷಿ ವಿಶ್ವವಿದ್ಯಾಲಯಗಳು ಹೇಳುವ ಉಪ್ಪುನೀರಿನ ಉಪಾಯ ಹಳೆಯದು, ಅಗ್ಗದ್ದು. 10 ಲೀಟರ್ ನೀರಿಗೆ 1 ಕೆಜಿ ಉಪ್ಪು ಕರಗಿಸಿ ಬೀಜ ಸುರಿದರೆ ಎರ್ಗಾಟ್ ಹಗುರವಾಗಿ ಮೇಲೆ ತೇಲುತ್ತದೆ. ಅದನ್ನು ತೆಗೆದು, ತಳದ ಬೀಜವನ್ನು ಒಳ್ಳೆ ನೀರಿನಲ್ಲಿ ತೊಳೆದು ಒಣಗಿಸಬೇಕು.

ಪ್ರಯೋಗಾಲಯದ ಕೆಲಸವೂ ಕಷ್ಟದ್ದೇನಲ್ಲ. ಒಂದೇ ಸಲಕ್ಕೆ ನೂರಾರು ಶಿಲೀಂಧ್ರ ವಿಷಗಳನ್ನು ಅಳೆಯುವ ವಿಧಾನವನ್ನು ಆಸ್ಟ್ರಿಯಾದ ಸಂಶೋಧಕರು ವರ್ಷಗಳ ಹಿಂದೆಯೇ ರೂಪಿಸಿದ್ದಾರೆ. ಅದರಲ್ಲಿ ಕ್ಲಾವಿನ್‌ಗಳೂ ಇವೆ. ಅಂಥ ಯಂತ್ರಗಳು ನಮ್ಮ ದೇಶದ ಪ್ರಯೋಗಾಲಯಗಳಲ್ಲೂ ಇವೆ. ಬೇಕಾದದ್ದು ಪಟ್ಟಿಯಲ್ಲಿ ಕೆಲವು ಸಾಲು. ಸಜ್ಜೆ ಹಿಟ್ಟಿಗೆ ಅಗ್ರೋಕ್ಲಾವಿನ್, ಎಲಿಮೋಕ್ಲಾವಿನ್. ಜೋಳದ ಹಿಟ್ಟಿಗೆ ಡೈಹೈಡ್ರೋಎರ್ಗೋಸಿನ್. ಸಿರಿಧಾನ್ಯದ ಹಿಟ್ಟು ಮಾಡುವವರು, ರಫ್ತು ಮಾಡುವವರು, ಶಿಶು ಆಹಾರಕ್ಕೆ ಮಿತಿ ಬರೆಯುವವರು ಮುಂದಿನ ಸಲ ಮಾದರಿಯನ್ನು ಪರೀಕ್ಷೆಗೆ ಕಳಿಸುವಾಗ ಯೂರೋಪಿನ 12ರ ಕೆಳಗೆ ಈ 3 ಹೆಸರನ್ನೂ ಬರೆದು ಕಳಿಸಲಿ.